ಗೊತ್ತಿರುವಷ್ಟು ದೂರ

ಲಿಸ್ಬನ್ನಿನಿಂದ ಬರುವಾಗ ನಾನು ತಂದದ್ದು
ಒಂದು ರೇನ್‌ಕೋಟು, ಅಮ್ಮ ಕಟ್ಟಿಕೊಟ್ಟ ಒಣ ಅಂಜೂರ,
ಮತ್ತೆ ನೂರಾ ಹದಿನಾಲ್ಕು ಸಾಲಿನ ನನ್ನ ಸೆಟ್ಟಿಂಗ್ಸ್ ಫೈಲು.
ಎರಡಕ್ಷರ ಒತ್ತಿ ಟ್ಯಾಬ್ ಕೀ ತಟ್ಟಿದರೆ ಸಾಕು,
ಮೊದಲು ಸಿಕ್ಕ ಹೆಸರನ್ನು ತಾನೇ ತುಂಬಿಬಿಡುತ್ತಿತ್ತು.
ದೊಡ್ಡಕ್ಷರ ಸಣ್ಣಕ್ಷರದ ಮಡಿಮೈಲಿಗೆ ಇಲ್ಲ,
ಗಂಟೆಯ ಸದ್ದಿಲ್ಲ, ಕೇಳುವುದಿಲ್ಲ, ಕಾಯುವುದಿಲ್ಲ.
ಅರ್ಧ ಹೇಳಿದರೆ ಪೂರ್ತಿ ತಿಳಿಯುವುದೇ ಜಾಣತನ
ಎಂದು ನಂಬಿದ್ದ ವಯಸ್ಸು.

ಫಯಾಲ್ ದ್ವೀಪದ ಹೋರ್ತಾ ಊರು. ಬಂದರಿನ ಗೋಡೆಯ ತುಂಬ
ಬಂದುಹೋದ ಹಡಗಿನವರು ಬಿಡಿಸಿಟ್ಟ ಚಿತ್ರ.
ಆಚೆ ದಡದಲ್ಲಿ ಪೀಕು ಬೆಟ್ಟ;
ಮೋಡ ಸರಿದರೆ ಉಂಟು, ಕವಿದರೆ ಇಲ್ಲ.
ನಮ್ಮ ಕೆಲಸ ತಿಮಿಂಗಿಲದ ಬಾಲಗಳಿಗೆ ಲೆಕ್ಕವಿಡುವುದು.
ಮುಳುಗುವ ಮುನ್ನ ಅದು ಮೇಲೆತ್ತುವ ಬಾಲದ ಅಂಚಲ್ಲಿ
ಕಚ್ಚು, ಸೀಳು, ಗೀರು: ಅದೇ ಅದರ ಸಹಿ.
ಹತ್ತೊಂಬತ್ತು ಸಾವಿರ ಫೈಲು. ಎಲ್ಲವೂ
'ಕಾಶಲೋತ್' ಎಂದೇ ಶುರು.

ಬೆಲ್ಮೀರು ಅಲ್ಲಿಯ ಹಳಬರು. ಅವರಿಗೆ ಉಗ್ಗು.
ಅವರ ಯಂತ್ರದಲ್ಲಿ ಒಂದು ಸಾಲನ್ನೂ ತಿದ್ದಿರಲಿಲ್ಲ,
ಶೆಲ್ ಹುಟ್ಟಿದಾಗ ಹೇಗಿತ್ತೋ ಹಾಗೇ.
"ಇದೇನು, ಬತ್ತಲೆ ಕೂಸನ್ನು ಚಳಿಗೆ ಬಿಟ್ಟ ಹಾಗೆ"
ಎಂದು ನಕ್ಕಿದ್ದೆ. ಅವರು 'ಕಾ' ಎಂದು ಒತ್ತಿ
ಟ್ಯಾಬ್ ತಟ್ಟಿ ತೋರಿಸಿದರು.
ಎಲ್ಲರಿಗೂ ಸಮನಾದಷ್ಟು ಹೆಸರು ಬರೆದು
ಅದು ನಿಂತಿತು. ಟಣ್ ಎಂದಿತು.
ಮತ್ತೊಮ್ಮೆ ತಟ್ಟಿದರೆ ಕೇಳಿತು:
ಇಷ್ಟು ಸಾವಿರ ಸಾಧ್ಯತೆಗಳಿವೆ, ಎಲ್ಲ ತೋರಿಸಲೇ, ಬೇಡವೇ?
ಬೆಲ್ಮೀರು 'ಬೇಡ' ಒತ್ತಿ
ಉಳಿದದ್ದನ್ನು ಬೆರಳಿಂದ ಬರೆದರು, ಒಂದೊಂದೇ ಅಂಕಿ.
ನನಗೆ ಆಕಳಿಕೆ.

ನವೆಂಬರಿನ ಒಂದು ರಾತ್ರಿ ಕಸದ ಫೈಲು ಅಳಿಸುತ್ತ
ತಟ್ಟಿದೆ, ತುಂಬಿತು, ನೋಡದೆ ಎಂಟರ್ ಒತ್ತಿದೆ.
ಹೋದದ್ದು ಒಂದು ಹೆಣ್ಣು ತಿಮಿಂಗಿಲದ ಹದಿನೇಳು ವರ್ಷ.
ಕಡಲಿನಲ್ಲಿ ಅವಳಿಗೇನೂ ಆಗಲಿಲ್ಲ, ನಿಜ.
ನಮ್ಮ ಪಾಲಿಗೆ ಮಾತ್ರ ಅವಳು ಹುಟ್ಟೇ ಇರಲಿಲ್ಲ.
ಹಳೆಯ ಟೇಪಿನಿಂದ ಅವಳನ್ನು ಎತ್ತಿ ತರಲು
ಎರಡು ಹಗಲು ಹಿಡಿಯಿತು.

ಮೂರನೆಯ ಬೆಳಗ್ಗೆ ಬೆಲ್ಮೀರು ನನ್ನ ಮುಖ ನೋಡಿ
"ದ... ದ..." ಎಂದರು.
"ದಡ್ಡಿ, ಅಲ್ಲವೇ? ಅಂದುಬಿಡಿ."
ತಲೆಯಾಡಿಸಿದರು. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿತು.
"ದ... ದಣಿದಿದ್ದೀಯ."

ಆಮೇಲೆ ನಾನು ನೋಡತೊಡಗಿದೆ.
ಬ್ಯಾಂಕಿನಲ್ಲಿ, ದೋಣಿಯ ಟಿಕೇಟಿನ ಕಿಂಡಿಯಲ್ಲಿ,
ಅವರ ಬಾಯಿಗೆ ಜನ ಹೇಗೆ ಮಾತು ತುರುಕುತ್ತಾರೆಂದು,
ಒಲ್ಲದ ಮಗುವಿಗೆ ತುತ್ತು ತುರುಕಿದ ಹಾಗೆ.
ಅಂಗಡಿಯ ದಿಯೊಲಿಂಡಾ ಒಳ್ಳೆಯವಳೇ.
ಅವರು "ಗ..." ಎನ್ನುವುದೇ ತಡ,
"ಗಲಾಂವ್ ತಾನೆ!" ಎಂದು
ಉದ್ದ ಲೋಟದ ತುಂಬ ಹಾಲುಕಾಫಿ ತಂದಿಡುತ್ತಾಳೆ.
ಗರೋತು ಕೂಡ 'ಗ'ದಲ್ಲೇ ಶುರುವಾಗುತ್ತದೆ:
ಗಿಡ್ಡ ಕಪ್ಪು, ಖಡಕ್ ಕಾಫಿ, ಹಾಲು ಹೆಸರಿಗಷ್ಟೆ.
ಇಪ್ಪತ್ತಾರು ವರ್ಷ ಯಾರೂ ಕೇಳಿರಲಿಲ್ಲ.

ನಾನು ದಿಯೊಲಿಂಡಾಳ ಕೈ ಹಿಡಿದೆ.
"ಕಾಯಿ."
ಅವಳು ಕಾದಳು. ಸಾಲಿನಲ್ಲಿ ನಿಂತವರು ಕೆಮ್ಮಿದರು.
ಚರ್ಚಿನ ಗಂಟೆ ತನ್ನ ಪಾಡಿಗೆ ಒಂಬತ್ತು ಹೊಡೆಯಿತು.
"ಗ... ಗರೋತು," ಎಂದರು ಬೆಲ್ಮೀರು.
ಬಂತು. ಒಂದು ಗುಟುಕು ಕುಡಿದು
ಮುಖ ಕಿವುಚಿದರು. "ಕ-ಕಹಿ."

ಆ ಸಂಜೆ ನನ್ನ ನೂರಾ ಹದಿನಾಲ್ಕು ಸಾಲು ಅಳಿಸಿದೆ.
ಈ ಸಲ ಹೆಸರನ್ನು ಪೂರ್ತಿ ಬರೆದು, ಎರಡು ಸಲ ಓದಿ.
ಖಾಲಿ ಪರದೆಯ ಮೇಲೆ ಕರ್ಸರು ಮಿಟುಕುತ್ತಿತ್ತು,
ಗೊತ್ತಿರುವಷ್ಟು ದೂರ ಬಂದು ನಿಂತು
ಮುಂದೆ ನೀನೇ ಹೇಳು ಎನ್ನುವವರ ಹಾಗೆ.

ಮಾರನೆಯ ದಿನ ಮತ್ತೆ "ಗ..."
ದಿಯೊಲಿಂಡಾ ಲೋಟ ಮುಟ್ಟಲಿಲ್ಲ, ಕಪ್ಪೂ ಮುಟ್ಟಲಿಲ್ಲ.
ಎಷ್ಟು ಹೊತ್ತೋ. ಪೀಕು ಬೆಟ್ಟ ಒಮ್ಮೆ ಕಂಡು ಮರೆಯಾಯಿತು.
"ಗಲಾಂವ್," ಎಂದರು ಬೆಲ್ಮೀರು,
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.